ತೊಂಬತ್ತೊಂದು ಚೀಲ ಪ್ಲಾಸ್ಮಾ

ಭಾನುವಾರ ಮಧ್ಯಾಹ್ನ ನಮ್ಮ ರಕ್ತಕೇಂದ್ರದ ಕಿಟಕಿಗೆ ಬಂದ ಕೋರಿಕೆ ಚೀಟಿಯಲ್ಲಿ ಹೆಚ್ಚೇನೂ ಬರೆದಿರಲಿಲ್ಲ. ಹೆಂಗಸು, ಮೂವತ್ತೆಂಟು ವರ್ಷ, ರಕ್ತದ ಗುಂಪು ಎಬಿ ಪಾಸಿಟಿವ್. ಡೆಂಗಿ ಶಂಕೆ, ಒಸಡಿನಲ್ಲಿ ರಕ್ತ. ಪ್ಲೇಟ್ಲೆಟ್ ಎಣಿಕೆ ಹದಿನಾಲ್ಕು ಸಾವಿರ. ನಾಲ್ಕು ಯೂನಿಟ್ ಪ್ಲೇಟ್ಲೆಟ್ ಬೇಕು.

ಅದು ಪಿತೃಪಕ್ಷದ ವಾರ. ಮಳೆ ನಿಂತಿದ್ದರೂ ವಾರಾಣಸಿಯ ಗಲ್ಲಿಗಳಲ್ಲಿ ನೀರು ಇಂಗಿರಲಿಲ್ಲ. ವಾರ್ಡಿನಲ್ಲಿ ಮಂಚ ಸಾಲದೆ ಡೆಂಗಿ ರೋಗಿಗಳಿಗೆ ಕಾರಿಡಾರಿನಲ್ಲೂ ಹಾಸಿಗೆ ಹಾಕಿದ್ದರು. ಅಂಥ ಚೀಟಿಗಳಲ್ಲಿ ಅದು ಆ ದಿನದ ಹನ್ನೊಂದನೆಯದು.

ಪ್ಲೇಟ್ಲೆಟ್ ಕೊಡುವುದಕ್ಕೆ ನಮ್ಮಲ್ಲಿ ಒಂದು ಕಟ್ಟಳೆಯಿದೆ. ರಕ್ತಸ್ರಾವವಿಲ್ಲದ ರೋಗಿಗೆ ಎಣಿಕೆ ಹತ್ತು ಸಾವಿರಕ್ಕಿಂತ ಕೆಳಗಿಳಿಯುವವರೆಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಡೆಂಗಿಯಲ್ಲಂತೂ ಬರಿಯ ಸಂಖ್ಯೆ ನೋಡಿ ಕೊಟ್ಟರೆ ಲಾಭವಿಲ್ಲ. ಜ್ವರ ಇಳಿದು ಎರಡು ಮೂರು ದಿನಕ್ಕೆ ಅದು ತಾನಾಗಿ ಏರುತ್ತದೆ. ಮನೆಯವರಿಗೆ ಇದನ್ನು ತಿಳಿಸಿ ವಾಪಸು ಕಳಿಸುವುದೇ ಆ ತಿಂಗಳುಗಳಲ್ಲಿ ನನ್ನ ಅರ್ಧ ಕೆಲಸ. ಆದರೆ ಈ ಚೀಟಿಯಲ್ಲಿ ಒಸಡಿನ ರಕ್ತದ ಮಾತಿತ್ತು. ರಕ್ತ ಸೋರುತ್ತಿದ್ದರೆ ಕೊಡಬೇಕು. ಸಹಿ ಹಾಕಿದೆ. ಇಪ್ಪತ್ತೆರಡು ಡಿಗ್ರಿಯ ಪೆಟ್ಟಿಗೆಯಲ್ಲಿ ಸದಾ ತೂಗಾಡುತ್ತಿರುವ ತಟ್ಟೆಗಳಿಂದ ನಾಲ್ಕು ಚೀಲ ತೆಗೆದು, ಬೆಳಕಿಗೆ ಹಿಡಿದು ಅಲುಗಿಸಿ ನೋಡಿದೆ. ಜೀವಂತ ಪ್ಲೇಟ್ಲೆಟ್ ಇದ್ದರೆ ಆ ತಿಳಿಹಳದಿ ದ್ರವದಲ್ಲಿ ರೇಷ್ಮೆಯ ಹೊಳಪೊಂದು ಸುಳಿಯುತ್ತದೆ. ಸುಳಿಯಿತು. ಕಳಿಸಿದೆ.

ಡೆಂಗಿಯ ಪರೀಕ್ಷೆ ಏನು ಬಂತೆಂದು ಕೇಳಲಿಲ್ಲ. ರಕ್ತದ ಸ್ಲೈಡನ್ನು ಯಾರಾದರೂ ನೋಡಿದರೇ ಎಂದೂ ಕೇಳಲಿಲ್ಲ.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಅದೇ ರೋಗಿಯ ಇನ್ನೊಂದು ಚೀಟಿ ಬಂತು. ಎಣಿಕೆ ಒಂಬತ್ತು ಸಾವಿರಕ್ಕೆ ಇಳಿದಿತ್ತು. ಈ ಸಲ ಒಬ್ಬನೇ ದಾನಿಯಿಂದ ಯಂತ್ರದ ಮೂಲಕ ತೆಗೆಯುವ ದೊಡ್ಡ ಚೀಲ ಬೇಕೆಂದಿದ್ದರು. ಚೀಟಿ ತಂದವರು ಇಬ್ಬರು: ರೋಗಿಯ ಗಂಡ, ಮತ್ತು ಕಾಲೇಜಿಗೆ ಹೋಗುವ ವಯಸ್ಸಿನ ಮಗಳು. ಮಗಳು ನನ್ನ ತಂತ್ರಜ್ಞನ ಜೊತೆ ಹಿಂದಿಯಲ್ಲಿ ಮಾತಾಡುತ್ತಿದ್ದಳು. ತಂದೆ ಅವಳ ಭುಜ ತಟ್ಟಿ, "ಡೋನರ್ ನಾವೇ ತರಬೇಕಾ ಕೇಳು, ಹನುಮಾನ್ ಘಾಟ್‌ನಿಂದ ಹತ್ತು ಜನ ಬರೋಕೆ ತಯ್ಯಾರ್ ಇದ್ದಾರೆ ಅಂತ ಹೇಳು" ಅಂದರು.

ನಾನು ಕಿಟಕಿಯ ಹತ್ತಿರ ಹೋಗಿ ಕನ್ನಡದಲ್ಲೇ, "ನಿನ್ನೆ ಕೊಟ್ಟ ಮೇಲೆ ಹೇಗಿದ್ದಾರೆ?" ಎಂದು ಕೇಳಿದೆ.

ಅವರು ಕಿಟಕಿಯೊಳಗೆ ಬಗ್ಗಿ ನನ್ನ ಮುಖ ನೋಡಿದರು. ಈ ಊರಿನ ಆಸ್ಪತ್ರೆಯ ಕಿಟಕಿಯೊಳಗಿಂದ ಕನ್ನಡ ಬರುತ್ತದೆಂದು ಯಾರೂ ನಿರೀಕ್ಷಿಸುವುದಿಲ್ಲ. ಮೂರು ತಲೆಮಾರಿನಿಂದ ಕಾಶಿಯಲ್ಲಿರುವ ಮನೆತನ ತಮ್ಮದು, ದಕ್ಷಿಣದಿಂದ ಬರುವ ಯಾತ್ರಿಕರಿಗೆ ಶ್ರಾದ್ಧ ಮಾಡಿಸುವ ಪೌರೋಹಿತ್ಯ, ಹೆಂಡತಿಯ ತವರು ಗದಗ ಎಂದೆಲ್ಲ ಹೇಳಿದ ಮೇಲೆ ನನ್ನ ಪ್ರಶ್ನೆಗೆ ಬಂದರು.

"ಜ್ವರ ಕಮ್ಮಿ ಆಗಿದೆ ಡಾಕ್ಟರಮ್ಮ. ಆದ್ರೆ ಮಾತು ಸರಿ ಇಲ್ಲ."

"ಸರಿ ಇಲ್ಲ ಅಂದ್ರೆ?"

ಉತ್ತರ ಕೊಟ್ಟದ್ದು ಮಗಳು, ತಡವರಿಸುವ ಕನ್ನಡದಲ್ಲಿ. "ಸುಬಹ್ ನನ್ನನ್ನ ನೋಡಿ, ನೀ ಯಾರ ಪೈಕಿ ಅಂತ ಕೇಳಿದ್ರು. ಆಮೇಲೆ ಬಲಗೈಯಲ್ಲಿ ಲೋಟ ಹಿಡಿಯೋಕೆ ಆಗ್ಲಿಲ್ಲ. ಅರ್ಧ ಗಂಟೆಯಲ್ಲಿ ಫಿರ್ ಠೀಕ್ ಆಯ್ತು."

ಡೆಂಗಿಯಲ್ಲಿ ಇದು ಅಪರೂಪ. ಅದಕ್ಕಿಂತ ಹೆಚ್ಚಾಗಿ, ನಾಲ್ಕು ಯೂನಿಟ್ ಕೊಟ್ಟ ಮೇಲೆ ಎಣಿಕೆ ಇಳಿಯಬಾರದು. ಇಳಿದರೆ, ಕೊಟ್ಟ ಪ್ಲೇಟ್ಲೆಟ್ ಎಲ್ಲೋ ಖರ್ಚಾಗುತ್ತಿದೆ ಎಂದರ್ಥ. ಎಲ್ಲಿ ಎನ್ನುವುದೇ ಪ್ರಶ್ನೆ.

ಅವರನ್ನು ಬೆಂಚಿನ ಮೇಲೆ ಕೂರಲು ಹೇಳಿ, ಲ್ಯಾಬಿನಿಂದ ಬೆಳಗಿನ ರಕ್ತದ ಟ್ಯೂಬ್ ತರಿಸಿಕೊಂಡೆ. ಒಂದು ಹನಿಯನ್ನು ಗಾಜಿನ ಮೇಲೆ ತೆಳ್ಳಗೆ ಎಳೆದು, ಒಣಗಿಸಿ, ಬಣ್ಣ ಹಾಕಿ, ತೊಳೆದು ಸೂಕ್ಷ್ಮದರ್ಶಕದ ಕೆಳಗಿಡಲು ಕಾಲು ಗಂಟೆ ಸಾಕು. ಪ್ಲೇಟ್ಲೆಟ್ ಹುಡುಕಿದರೂ ಕಾಣುತ್ತಿರಲಿಲ್ಲ. ಕಂಡದ್ದು ಮುರಿದ ಕೆಂಪುಕಣಗಳು. ದುಂಡಗಿರಬೇಕಾದವು ಒಡೆದ ಬಳೆಯ ಚೂರುಗಳ ಹಾಗೆ, ಕೆಲವು ಮೂರು ಮೂಲೆಯವು, ಕೆಲವು ಶಿರಸ್ತ್ರಾಣದ ಆಕಾರದವು. ಸ್ಲೈಡ್ ಸರಿಸಿದಲ್ಲೆಲ್ಲ ನಾಲ್ಕೈದು.

ಕಂಪ್ಯೂಟರಿನಲ್ಲಿ ಉಳಿದ ವರದಿಗಳನ್ನು ತೆರೆದೆ. ಡೆಂಗಿಯ ಪರೀಕ್ಷೆ ನೆಗೆಟಿವ್. ಹಿಮೋಗ್ಲೋಬಿನ್ ಎಂಟಕ್ಕಿಂತ ಕಡಿಮೆ. ಕಣಗಳು ಒಡೆದಾಗ ಏರುವ ಎಲ್‌ಡಿಎಚ್ ನಾಲ್ಕು ಪಟ್ಟು. ರಕ್ತ ಹೆಪ್ಪುಗಟ್ಟುವ ಸಮಯ ಮಾತ್ರ ಸಂಪೂರ್ಣ ಸರಿಯಾಗಿತ್ತು. ಸೋಂಕು ಮೈತುಂಬ ಹರಡಿ ರಕ್ತ ಕೆಟ್ಟಿದ್ದರೆ ಆ ಸಮಯ ಹೀಗಿರುತ್ತಿರಲಿಲ್ಲ.

ಟಿಟಿಪಿ ಎಂದು ನಾವು ಕರೆಯುವ ಕಾಯಿಲೆ ಇದು. ರಕ್ತದಲ್ಲಿ ಪ್ಲೇಟ್ಲೆಟ್‌ಗಳನ್ನು ಅಂಟಿಸುವ ಉದ್ದದ ಪ್ರೋಟೀನಿನ ಎಳೆಗಳಿರುತ್ತವೆ. ಅವನ್ನು ಕತ್ತರಿಸಿ ಗಿಡ್ಡ ಮಾಡುವ ಒಂದು ಕಿಣ್ವವೂ ಇರುತ್ತದೆ. ದೇಹ ಆ ಕಿಣ್ವದ ವಿರುದ್ಧವೇ ತಿರುಗಿಬಿದ್ದರೆ ಎಳೆಗಳು ಉದ್ದವಾಗಿಯೇ ಉಳಿದು, ಸಣ್ಣ ರಕ್ತನಾಳಗಳಲ್ಲಿ ಬಲೆ ಕಟ್ಟುತ್ತವೆ. ಪ್ಲೇಟ್ಲೆಟ್‌ಗಳು ಅದರಲ್ಲಿ ಸಿಕ್ಕಿಕೊಂಡು ಮಿದುಳಿನಲ್ಲಿ, ಮೂತ್ರಪಿಂಡದಲ್ಲಿ, ಹೃದಯದಲ್ಲಿ ಗಂಟಾಗುತ್ತವೆ. ಆ ಬಲೆಯನ್ನು ಹಾಯುವ ಕೆಂಪುಕಣಗಳು ಹರಿದು ಚೂರಾಗುತ್ತವೆ. ಇಂಥವರಿಗೆ ಹೊರಗಿನಿಂದ ಪ್ಲೇಟ್ಲೆಟ್ ಕೊಟ್ಟರೆ ಆ ಗಂಟುಗಳಿಗೆ ಇನ್ನಷ್ಟು ಒದಗಿಸಿದಂತಾಗಬಹುದು. ಬೇಕಾದದ್ದು ಪ್ಲಾಸ್ಮಾ, ಏಕೆಂದರೆ ಕಾಣೆಯಾದ ಕಿಣ್ವ ಇರುವುದು ಅದರಲ್ಲಿ. ಬರಿದೆ ಏರಿಸಿದರೆ ಸಾಲದು. ರೋಗಿಯ ಪ್ಲಾಸ್ಮಾ ತೆಗೆದು ದಾನಿಗಳದ್ದನ್ನು ತುಂಬಬೇಕು, ದಿನವೂ. ಮಾಡದಿದ್ದರೆ ಹೆಚ್ಚಿನವರು ಉಳಿಯುವುದಿಲ್ಲ.

ಭಾನುವಾರದ ನಾಲ್ಕು ಚೀಲಗಳ ಮೇಲೆ ನನ್ನ ಸಹಿಯಿತ್ತು. ಅದರ ಬಗ್ಗೆ ಯೋಚಿಸುವುದನ್ನು ಆ ಹೊತ್ತಿಗೆ ಬದಿಗಿಟ್ಟೆ.

ವಾರ್ಡಿನ ಹಿರಿಯ ವೈದ್ಯರಿಗೆ ಫೋನ್ ಮಾಡಿದೆ. ಅವರ ಕೈಕೆಳಗೆ ನಲವತ್ತು ಮಂದಿ ಡೆಂಗಿ ರೋಗಿಗಳಿದ್ದರು.

"ಪ್ಲೇಟ್ಲೆಟ್ ಯಾವಾಗ ಸಿಗುತ್ತೆ ಮ್ಯಾಡಂ?" ಎಂದರು.

"ಸಿಗೋದಿಲ್ಲ ಸರ್. ಇದು ಡೆಂಗಿ ಅಲ್ಲ ಅನ್ನಿಸುತ್ತೆ."

"ಒಂಬತ್ತು ಸಾವಿರ ಇದೆ. ಮಿದುಳಲ್ಲಿ ರಕ್ತಸ್ರಾವ ಆದ್ರೆ? ಬೆಳಿಗ್ಗೆ ಕೈ ಸೋತಿದೆ."

"ಸ್ಕ್ಯಾನ್ ಆಯಿತಾ?"

"ಆಯಿತು. ರಕ್ತ ಕಾಣಲಿಲ್ಲ."

"ಹಾಗಾದ್ರೆ ಕೈ ಸೋತದ್ದು ರಕ್ತ ಸೋರಿ ಅಲ್ಲ, ಗಂಟಾಗಿ. ದಯವಿಟ್ಟು ಐದು ನಿಮಿಷ ಕೆಳಗೆ ಬನ್ನಿ. ಸ್ಲೈಡ್ ನೋಡಿ ಹೇಳಿ."

ಅವರು ಬರಲಾರರೆಂದುಕೊಂಡಿದ್ದೆ. ಬಂದರು. ಕನ್ನಡಕ ಹಣೆಗೇರಿಸಿ ತುಂಬ ಹೊತ್ತು ಬಗ್ಗಿ ನೋಡಿದರು. "ಇಪ್ಪತ್ತು ವರ್ಷದಲ್ಲಿ ಎರಡು ಸಲ ನೋಡಿದ್ದೇನೆ. ಎರಡೂ ತಡವಾಗಿ" ಎಂದು ತಲೆಯೆತ್ತಿದರು. ನನ್ನ ಕೋರಿಕೆಯಂತೆ ಸ್ಟಿರಾಯ್ಡ್ ಶುರು ಮಾಡಲು ವಾರ್ಡಿಗೆ ಅಲ್ಲಿಂದಲೇ ಹೇಳಿದರು. ಕಿಣ್ವದ ಪರೀಕ್ಷೆಗೆ ರಕ್ತ ತೆಗೆದು ಹೊರಗಿನ ಪ್ರಯೋಗಾಲಯಕ್ಕೆ ಕಳಿಸಿದೆವು. ಪ್ಲಾಸ್ಮಾ ಕೊಡುವ ಮೊದಲೇ ಅದನ್ನು ತೆಗೆಯಬೇಕು, ಇಲ್ಲದಿದ್ದರೆ ದಾನಿಯ ಕಿಣ್ವ ಬೆರೆತು ಉತ್ತರ ಕೆಡುತ್ತದೆ. ಉತ್ತರ ಬರಲು ಒಂದು ವಾರ. ಅಷ್ಟು ದಿನ ಕಾಯಲು ಆಗುತ್ತಿರಲಿಲ್ಲ.

ದಾನಿಗಳಿಂದ ಪ್ಲೇಟ್ಲೆಟ್ ತೆಗೆಯುವ ನಮ್ಮ ಯಂತ್ರವೇ ಪ್ಲಾಸ್ಮಾ ಬದಲಿಯನ್ನೂ ಮಾಡಬಲ್ಲದು, ಆದರೆ ಅದಕ್ಕೆ ಬೇರೆ ಕಿಟ್ ಬೇಕು. ನಮ್ಮಲ್ಲಿ ಇರಲಿಲ್ಲ. ಲಖನೌದಲ್ಲಿತ್ತು, ಮರುದಿನ ಬೆಳಿಗ್ಗೆ ಬರುತ್ತದೆಂದರು. ಅಲ್ಲಿಯವರೆಗೆ ಪ್ಲಾಸ್ಮಾ ಏರಿಸುತ್ತಿರುವುದೊಂದೇ ದಾರಿ. ಫ್ರೀಜರಿನಲ್ಲಿ ಎಬಿ ಗುಂಪಿನದು ಐದೇ ಚೀಲ ಇತ್ತು.

ಇಲ್ಲಿ ಜನ ಸಾಮಾನ್ಯವಾಗಿ ತಿಳಿದಿರುವುದು ತಲೆಕೆಳಗಾಗುತ್ತದೆ. ಕೆಂಪುಕಣಗಳ ವಿಷಯದಲ್ಲಿ ಎಬಿ ಗುಂಪಿನವರು ಯಾರಿಂದ ಬೇಕಾದರೂ ಪಡೆಯಬಹುದು. ಪ್ಲಾಸ್ಮಾದಲ್ಲಿ ಬೇರೆ ಗುಂಪಿನ ವಿರುದ್ಧ ಕೆಲಸ ಮಾಡುವ ಪ್ರತಿಕಾಯಗಳಿರುವುದರಿಂದ, ಎಬಿ ರೋಗಿಗೆ ಎಬಿಯದೇ ಆಗಬೇಕು. ಎಬಿ ಜನ ಎಲ್ಲ ಗುಂಪುಗಳಿಗಿಂತ ಕಡಿಮೆ. ಐವತ್ತೆಂಟು ಕಿಲೋ ತೂಕದ ರೋಗಿಗೆ ಒಂದು ಸಲದ ಪ್ಲಾಸ್ಮಾ ಬದಲಾವಣೆಗೆ ಹದಿಮೂರು ಚೀಲ ಬೇಕೆಂದು ಲೆಕ್ಕ ಬಂತು. ಎಷ್ಟು ದಿನ ಎಂದು ಯಾರೂ ಹೇಳಲಾರರು.

ಇದ್ದ ಐದು ಚೀಲಗಳನ್ನು ಮೂವತ್ತೇಳು ಡಿಗ್ರಿಯ ನೀರಿನಲ್ಲಿ ಇಳಿಬಿಟ್ಟೆವು. ಹಲಗೆಯಂತೆ ಗಟ್ಟಿಯಾದ ಚೀಲ ಕರಗಲು ಅರ್ಧ ಗಂಟೆ ಹಿಡಿಯುತ್ತದೆ. ನೀರು ಬಿಸಿ ಮಾಡಿ ಆತುರಪಟ್ಟರೆ ಒಳಗಿನ ಪ್ರೋಟೀನು ಬೆಂದುಹೋಗುತ್ತದೆ. ಆ ಅರ್ಧ ಗಂಟೆಯಲ್ಲಿ ನಾನು ಬೆಂಚಿನ ಮೇಲಿದ್ದವರ ಹತ್ತಿರ ಹೋದೆ.

"ಪ್ಲೇಟ್ಲೆಟ್ ಕೊಡೋದಿಲ್ಲ" ಎಂದೆ.

ಗಂಡ ಎದ್ದು ನಿಂತರು. "ಒಂಬತ್ತು ಸಾವಿರಕ್ಕೆ ಬಂದಿದೆ ಅಂತಾರೆ. ಪಕ್ಕದ ಮಂಚದವರಿಗೆ ಇಪ್ಪತ್ತು ಸಾವಿರಕ್ಕೇ ಕೊಟ್ರು. ನಮಗ್ಯಾಕೆ ಇಲ್ಲ?"

ಕಾಯಿಲೆಯನ್ನು ವಿವರಿಸಿದೆ. ಅವರು ಪೂರ್ತಿ ಕೇಳಿದರು. ಕೊನೆಗೆ, "ಮತ್ತೆ ನಿನ್ನೆ ಕೊಟ್ರಲ್ಲ?" ಎಂದರು.

"ನಿನ್ನೆ ಇದು ಗೊತ್ತಿರಲಿಲ್ಲ" ಎಂದೆ. ಅದು ನಿಜವೇ, ಆದರೆ ಅರ್ಧ ನಿಜ.

ಅವರು ಮಗಳ ಮುಖ ನೋಡಿದರು. ಮಗಳು ಮೊಬೈಲ್ ಎತ್ತಿಕೊಂಡು, "ಎಬಿ ಚಾಹಿಯೇ, ಅಷ್ಟೇ ಅಲ್ವಾ? ಯಾರದ್ದಾದರೂ ಆಗುತ್ತಾ?" ಎಂದು ಕೇಳಿದಳು.

ಯಾರದ್ದಾದರೂ ಆಗುವುದಿಲ್ಲ ಎನ್ನುವುದು ಮಧ್ಯಾಹ್ನದ ಹೊತ್ತಿಗೆ ಎಲ್ಲರಿಗೂ ತಿಳಿಯಿತು. ಗೋದೌಲಿಯಾದಿಂದ ಟೋಟೋ ರಿಕ್ಷಾಗಳಲ್ಲಿ ಜನ ಬರತೊಡಗಿದರು: ಹನುಮಾನ್ ಘಾಟಿನ ಪುರೋಹಿತರು, ಬಂಗಾಲಿ ಟೋಲಾದ ಯಾತ್ರಿಕರ ವಸತಿಗೃಹದ ಕೆಲಸಗಾರರು, ಅಕ್ಕಪಕ್ಕದ ಮನೆಯ ಹೆಂಗಸರು. ಮಕ್ಕಳನ್ನು ಹೆತ್ತ ಹೆಂಗಸರ ಪ್ಲಾಸ್ಮಾವನ್ನು ನಾವು ಬಳಸುವುದಿಲ್ಲ. ಬಸುರಿನಲ್ಲಿ ಹುಟ್ಟಿದ ಕೆಲವು ಪ್ರತಿಕಾಯಗಳು ರೋಗಿಯ ಶ್ವಾಸಕೋಶಕ್ಕೆ ಅಪಾಯ ತರಬಹುದು. ಒಬ್ಬ ಹಿರಿಯಾಕೆ ಅದನ್ನು ಕೇಳಿ, "ಹೆತ್ತದ್ದೂ ತಪ್ಪಾಯ್ತಾ?" ಎಂದು ಹೊರಟುಹೋದರು. ಬಂದ ಮೂವತ್ತೊಂದು ಜನರಲ್ಲಿ ಎಬಿಯವರು ಮೂವರು. ಕನ್ನಡನಾಡಿನ ನಂಟಿರುವ ಮಠವೊಂದರಿಂದ ಬಂದ ನಡುವಯಸ್ಸಿನ ಸ್ವಾಮಿಗಳು ಅವರಲ್ಲಿ ಒಬ್ಬರು.

ಅವರಿಗೆ ಅಂದು ಏಕಾದಶಿಯ ಉಪವಾಸ. ಖಾಲಿ ಹೊಟ್ಟೆಯ ದಾನಿಯನ್ನು ಯಂತ್ರಕ್ಕೆ ಹಚ್ಚುವಂತಿಲ್ಲ ಎಂದೆ.

"ಹಾಲು, ಬಾಳೆಹಣ್ಣು ಆಗಬಹುದಾ?"

"ಸಾಲದು ಸ್ವಾಮಿಗಳೇ. ಊಟ ಆಗಬೇಕು."

ಅವರು ಸ್ವಲ್ಪ ಯೋಚಿಸಿ, "ಏಕಾದಶಿ ಇನ್ನು ಹದಿನೈದು ದಿನಕ್ಕೆ ಮತ್ತೆ ಬರುತ್ತೆ" ಎಂದು ಕ್ಯಾಂಟೀನಿನ ಕಡೆ ನಡೆದರು. ಒಂದು ಗಂಟೆಯ ನಂತರ ಅವರ ತೋಳಿನಿಂದ ಅರ್ಧ ಲೀಟರ್ ಪ್ಲಾಸ್ಮಾ ಬಂತು. ಯಂತ್ರ ಕೆಂಪುಕಣಗಳನ್ನು ಅವರಿಗೇ ಮರಳಿಸಿತು. ಸೋಂಕಿನ ಪರೀಕ್ಷೆಗಳು ಮುಗಿಯಲು ಸಂಜೆಯಾಯಿತು. ನಗರದ ಇತರ ರಕ್ತಕೇಂದ್ರಗಳಿಗೆ ನಾನೂ ತಂತ್ರಜ್ಞನೂ ಸರದಿಯಲ್ಲಿ ಫೋನ್ ಮಾಡಿ ಇನ್ನು ಹದಿನಾರು ಚೀಲ ಕೂಡಿಸಿದೆವು.

ಏರಿಸುತ್ತಿದ್ದ ಮೂರನೆಯ ಚೀಲದಲ್ಲಿ ರೋಗಿಯ ಮೈಮೇಲೆ ದದ್ದೆದ್ದಿತು. ನಿಲ್ಲಿಸಿ, ಅಲರ್ಜಿಯ ಇಂಜೆಕ್ಷನ್ ಕೊಟ್ಟು, ಇಪ್ಪತ್ತು ನಿಮಿಷ ಕಾದು ನಿಧಾನವಾಗಿ ಮತ್ತೆ ಶುರು ಮಾಡಿದೆವು. ಐದನೆಯದಾಗುವಾಗ ಉಸಿರು ಭಾರವಾಯಿತು. ಅಷ್ಟು ದ್ರವ ತಡೆಯಲು ಹೃದಯಕ್ಕೆ ಆಗುತ್ತಿರಲಿಲ್ಲ. ಮೂತ್ರ ಹೋಗುವ ಔಷಧ ಕೊಟ್ಟರು. ಇನ್ನು ಬರಿದೆ ಏರಿಸಿ ಪ್ರಯೋಜನವಿಲ್ಲವೆಂದು ಸ್ಪಷ್ಟವಾಯಿತು. ತೆಗೆದು ತುಂಬಲೇಬೇಕು.

ಮಂಗಳವಾರ ಬೆಳಿಗ್ಗೆ ಕಿಟ್ ಬಂತು. ಎಣಿಕೆ ಏಳು ಸಾವಿರ. ರೋಗಿ ಕರೆದರೆ ಕಣ್ಣು ತೆರೆಯುತ್ತಿದ್ದರು, ಅಷ್ಟೇ. ಯಂತ್ರಕ್ಕೆ ಜೋಡಿಸಲು ಕುತ್ತಿಗೆಯ ದೊಡ್ಡ ರಕ್ತನಾಳದಲ್ಲಿ ದಪ್ಪ ಕೊಳವೆ ಕೂರಿಸಬೇಕು. ಅದನ್ನು ಮಾಡುವವರು ಡಯಾಲಿಸಿಸ್ ವಿಭಾಗದ ವೈದ್ಯರು. ಎಣಿಕೆ ನೋಡಿ ಕೈಗವಸು ತೆಗೆದಿಟ್ಟರು.

"ಐವತ್ತು ಸಾವಿರ ಇಲ್ಲದೆ ನಾನು ಕುತ್ತಿಗೆಗೆ ಸೂಜಿ ಹಾಕೋದಿಲ್ಲ. ಮೊದಲು ಪ್ಲೇಟ್ಲೆಟ್ ಕೊಡಿ."

"ಕೊಟ್ಟರೂ ಏರೋದಿಲ್ಲ. ಭಾನುವಾರ ಕೊಟ್ಟು ನೋಡಿದ್ದೇನೆ."

"ರಕ್ತ ನಿಲ್ಲದೇ ಹೋದ್ರೆ?"

"ಒತ್ತಿ ಹಿಡಿಯೋಣ. ಕುತ್ತಿಗೆಯಲ್ಲಿ ಒತ್ತಿ ಹಿಡಿಯಬಹುದಾದ ಜಾಗ ಇದೆ."

"ಏನಾದರೂ ಆದರೆ ಜವಾಬ್ದಾರಿ ಯಾರದ್ದು?"

ಪ್ರಶ್ನೆ ತಪ್ಪಾಗಿರಲಿಲ್ಲ. ಈ ಕಾಯಿಲೆಯಲ್ಲಿ ಪ್ಲೇಟ್ಲೆಟ್ ಇಲ್ಲದೆಯೂ ಕೊಳವೆ ಹಾಕಬಹುದು ಎಂದು ನಾನು ಓದಿದ್ದೆ. ಆದರೆ ಓದಿದವಳ ಕೈಯಲ್ಲಿ ಸೂಜಿ ಇರಲಿಲ್ಲ. ಇನ್ನೊಂದು ಚೀಲ ಪ್ಲೇಟ್ಲೆಟ್ ಕೊಟ್ಟುಬಿಟ್ಟರೆ ಎಲ್ಲರಿಗೂ ಸಮಾಧಾನ. ಏನೇ ಆದರೂ ಯಾರೂ ನಮ್ಮನ್ನು ಕೇಳುವುದಿಲ್ಲ. ನಮ್ಮ ತೂಗುತಟ್ಟೆಯಲ್ಲಿ ಚೀಲ ಇತ್ತು ಕೂಡ. ಆದರೂ ಕೇಸ್ ಶೀಟ್ ತೆಗೆದುಕೊಂಡು, "ಪ್ಲೇಟ್ಲೆಟ್ ಕೊಡದಿರುವ ನಿರ್ಧಾರ ನನ್ನದು" ಎಂದು ಬರೆದು, ಹೆಸರು, ಸಮಯ ಹಾಕಿ ಸಹಿ ಮಾಡಿದೆ. ವಾರ್ಡಿನ ಹಿರಿಯ ವೈದ್ಯರು ಪೆನ್ನು ಕೇಳಿ ಪಡೆದು, ಅದರ ಕೆಳಗೆ ತಮ್ಮದನ್ನೂ ಮಾಡಿದರು.

ಡಯಾಲಿಸಿಸ್ ವೈದ್ಯರು ಓದಿದರು. ಹೊಸ ಕೈಗವಸು ತೊಟ್ಟರು. ಅಲ್ಟ್ರಾಸೌಂಡ್ ಇಟ್ಟು ನೋಡುತ್ತಾ, ಒಂದೇ ಸಲಕ್ಕೆ ಸೂಜಿ ಇಳಿಸಿದರು. ಎರಡು ಗಾಜ್ ಒದ್ದೆಯಾದವು. ಇಪ್ಪತ್ತೈದು ನಿಮಿಷ ಅವರೇ ಬೆರಳಿನಲ್ಲಿ ಒತ್ತಿ ಹಿಡಿದರು. ನಿಂತಿತು.

ಮೊದಲ ಬದಲಿ ಮೂರು ಗಂಟೆ ನಡೆಯಿತು. ಹೊರಬರುತ್ತಿದ್ದ ಪ್ಲಾಸ್ಮಾ ಚಹಾದ ಬಣ್ಣದ್ದು, ಒಡೆದ ಕಣಗಳಿಂದಾಗಿ. ಒಳಹೋಗುತ್ತಿದ್ದುದು ಹುಲ್ಲಿನ ಹಳದಿ. ರಕ್ತ ಹೆಪ್ಪುಗಟ್ಟದಂತೆ ಬೆರೆಸುವ ಸಿಟ್ರೇಟ್ ಮೈಯ ಕ್ಯಾಲ್ಸಿಯಂ ಹಿಡಿದಿಡುವುದರಿಂದ ತುಟಿ ಜುಮ್ಮೆನ್ನುತ್ತದೆ. ಆಕೆ ಹೇಳುವ ಸ್ಥಿತಿಯಲ್ಲಿ ಇರಲಿಲ್ಲವಾದ್ದರಿಂದ ಕ್ಯಾಲ್ಸಿಯಂ ಡ್ರಿಪ್ ಮೊದಲೇ ಹಚ್ಚಿದ್ದೆವು. ಬುಧವಾರ ಎಣಿಕೆ ಹನ್ನೊಂದು ಸಾವಿರ. ಅಷ್ಟು ಏರಿಕೆಗೆ ಅರ್ಥ ಹಚ್ಚಬಾರದು. ಎಣಿಸುವ ಯಂತ್ರದ ತಪ್ಪೂ ಇರಬಹುದು. ಗುರುವಾರ ಇಪ್ಪತ್ತೆಂಟು ಸಾವಿರ. ಆ ದಿನ ಎರಡನೆಯ ಗಂಟೆಯಲ್ಲಿ ರೋಗಿ ಕಣ್ಣು ಬಿಟ್ಟು, ಯಂತ್ರದ ಕಡೆ ನೋಡಿ, "ತುಟಿಗೆ ಇರಿವಿ ಹತ್ಯಾವೇನ?" ಎಂದರು. ಮಗಳಿಗೆ ಇರಿವಿ ಎಂದರೆ ಇರುವೆ ಎಂದು ತಿಳಿಯಲಿಲ್ಲ. ನಾನು ಕ್ಯಾಲ್ಸಿಯಂ ಹೆಚ್ಚಿಸಿದೆ.

ಶುಕ್ರವಾರ ಎಬಿ ಚೀಲ ಮತ್ತೆ ಮುಗಿಯಿತು. ಪ್ರಯಾಗರಾಜದಿಂದ ಒಂಬತ್ತು ಬಂದವು. ಉಳಿದ ನಾಲ್ಕಕ್ಕೆ ಮಧ್ಯಾಹ್ನದವರೆಗೆ ಕಾದು, ಬದಲಿಯನ್ನು ತಡವಾಗಿ ಶುರು ಮಾಡಿದೆವು. ಹೀಗೆ ಏಳು ದಿನ. ದಿನಕ್ಕೆ ಹದಿಮೂರರಂತೆ ತೊಂಬತ್ತೊಂದು ಚೀಲ. ಎಂಟನೆಯ ದಿನ ಎಣಿಕೆ ಒಂದು ಲಕ್ಷ ಅರವತ್ತು ಸಾವಿರ. ಅದೇ ದಿನ ಕಿಣ್ವದ ವರದಿಯೂ ಬಂತು. ಆಕೆಯ ರಕ್ತದಲ್ಲಿ ಅದು ಹೆಚ್ಚುಕಡಿಮೆ ಇರಲೇ ಇಲ್ಲ.

ಬಿಡುಗಡೆಯ ದಿನ ಗಂಡ ನನ್ನ ಕೋಣೆಗೆ ಬಂದು, ಪ್ಲಾಸ್ಮಾ ಕೊಟ್ಟವರ ಹೆಸರು ಗೋತ್ರ ಕೇಳಿದರು. ಅವರ ಹೆಸರಲ್ಲಿ ಸಂಕಲ್ಪ ಮಾಡಿಸುತ್ತಾರಂತೆ. ದಾನಿಗಳ ಹೆಸರು ಕೊಡುವ ನಿಯಮವಿಲ್ಲ ಎಂದೆ. ಹೆಂಡತಿ ಗಾಲಿಕುರ್ಚಿಯಲ್ಲಿ ಕೂತಿದ್ದರು. ಮಗಳು ಹಿಂದೆ ನಿಂತಿದ್ದಳು. ಆಗ ನಾನು ಹೇಳಿದೆ.

"ಮೊದಲ ದಿನ ನಿಮಗೆ ಪ್ಲೇಟ್ಲೆಟ್ ಕೊಟ್ಟದ್ದು ನಾನೇ. ಸ್ಲೈಡ್ ನೋಡಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ನೋಡಲಿಲ್ಲ. ಅದರಿಂದಲೇ ನಿಮ್ಮ ಕೈ ಸೋತಿತೋ, ಕಾಯಿಲೆಯಿಂದಲೋ, ಹೇಳಲಾರೆ. ಒಂದು ದಿನ ಹೋದದ್ದಂತೂ ನಿಜ."

ಗಂಡ ನೆಲ ನೋಡುತ್ತಿದ್ದರು. ಆಕೆ ಮಾತ್ರ ನನ್ನನ್ನೇ ನೋಡಿದರು.

"ನನಗ ಆ ದಿನ ನೆನಪೇ ಇಲ್ರಿ. ನೀವು ಹೇಳದಿದ್ರ ಗೊತ್ತೂ ಆಗ್ತಿರಲಿಲ್ಲ. ಈಗ್ಯಾಕ ಹೇಳಿದ್ರಿ?"

"ಈ ಕಾಯಿಲೆ ಮರುಕಳಿಸಬಹುದು. ಬೇರೆ ಊರಲ್ಲಿ ಬಿದ್ದರೆ ನನ್ನ ಹಾಗೆಯೇ ಯಾರೋ ಒಬ್ಬರು ಸಂಖ್ಯೆ ನೋಡಿ ಪ್ಲೇಟ್ಲೆಟ್ ತರುತ್ತಾರೆ. ಆಗ ತಡೆಯೋದು ನೀವೇ. ಸ್ಲೈಡ್ ನೋಡಿದಿರಾ ಅಂತ ಕೇಳೋದು ನಿಮಗೆ ಗೊತ್ತಿರಬೇಕು."

"ಹಂಗಾದ್ರ ಬರದು ಕೊಡ್ರಿ" ಎಂದರು ಆಕೆ. ಕಾಯಿಲೆಯ ಹೆಸರು, ರಕ್ತದ ಗುಂಪು, ಕೊಟ್ಟ ಚಿಕಿತ್ಸೆ, ನನ್ನ ನಂಬರು ಎಲ್ಲವನ್ನೂ ಒಂದು ಹಾಳೆಯಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದೆ. ಮಗಳು ಕನ್ನಡ ಓದಲಾರಳಾದ್ದರಿಂದ ಅದನ್ನು ಹಿಂದಿಯಲ್ಲಿ ಬರೆದುಕೊಂಡಳು.

ಆ ಭಾನುವಾರದ ಚೀಟಿಯನ್ನು ನಾನೇ ಆಸ್ಪತ್ರೆಯ ರಕ್ತ ಬಳಕೆ ಸಮಿತಿಯ ಮುಂದಿಟ್ಟೆ. ಸಭೆ ಹತ್ತು ನಿಮಿಷ ನಡೆಯಿತು. ಕಾರಣ ಸ್ಪಷ್ಟವಿಲ್ಲದೆ ಪ್ಲೇಟ್ಲೆಟ್ ಕೇಳಿದರೆ ಮೊದಲು ಸ್ಲೈಡ್ ನೋಡಬೇಕೆಂದು ಒಂದು ಸಾಲು ಸೇರಿತು.

ಮುಂದಿನ ವರ್ಷ ಚಳಿಗಾಲದ ಒಂದು ಮಧ್ಯಾಹ್ನ ಹುಬ್ಬಳ್ಳಿಯಿಂದ ಅಪರಿಚಿತ ವೈದ್ಯರೊಬ್ಬರು ಫೋನ್ ಮಾಡಿದರು. ಎರಡು ದಿನದ ಹಿಂದೆ ಮದುವೆಗೆಂದು ಕಾಶಿಯಿಂದ ಬಂದ ಹೆಂಗಸು, ಮೈಮೇಲೆ ಕೆಂಪು ಚುಕ್ಕೆ, ಎಣಿಕೆ ಹನ್ನೆರಡು ಸಾವಿರ.

"ನರ್ಸ್ ಪ್ಲೇಟ್ಲೆಟ್ ಚೀಲ ತಂದ್ರು ಮ್ಯಾಡಂ. ಪೇಷಂಟ್ ಕೈ ಚಾಚೋದಕ್ಕೆ ಒಪ್ತಿಲ್ಲ. ಸೆರಗೊಳಗೆ ಕೈ ಇಟ್ಟುಕೊಂಡು ಕೂತಿದ್ದಾರೆ. ಮೊದಲು ಸ್ಲೈಡ್ ನೋಡ್ರಿ, ಆಮೇಲೆ ಚುಚ್ರಿ ಅಂತಾರೆ."

"ನೋಡಿದಿರಾ?" ಎಂದು ಕೇಳಿದೆ.

"ನೋಡಿದೆ" ಎಂದರು ಅವರು. "ಚೀಲ ವಾಪಸು ಕಳಿಸಿದೆ. ಪ್ಲಾಸ್ಮಾ ಕರಗ್ತಾ ಇದೆ."